ತಪ್ಪು ನೆಟ್‌ವರ್ಕಿಗೆ ಹೋದ ಕ್ರಿಪ್ಟೊ: ಕೀಲಿ ಯಾರಲ್ಲಿದೆ ಎಂಬುದೇ ಪ್ರಶ್ನೆ

ಕ್ರಿಪ್ಟೊ ಕರೆನ್ಸಿಯನ್ನು ತಪ್ಪು ನೆಟ್‌ವರ್ಕಿನಲ್ಲಿ ಕಳುಹಿಸಿದವರು ತಮ್ಮ ಹಣ ನಡುದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಎಂದು ಭಾವಿಸುವುದು ಸಹಜವಾದರೂ, ಬ್ಲಾಕ್‌ಚೈನ್ ವ್ಯವಸ್ಥೆಯಲ್ಲಿ ನಡುದಾರಿ ಎಂಬುದೇ ಇಲ್ಲ. ಯಾವ ವಿಳಾಸದ ಹೆಸರಿನಲ್ಲಿ ಎಷ್ಟು ಮೊತ್ತವಿದೆ ಎಂಬುದನ್ನು ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಒಮ್ಮತದಿಂದ ಬರೆದಿಟ್ಟುಕೊಳ್ಳುವ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ಇಥೀರಿಯಂ ಅಂಥದೊಂದು ಪುಸ್ತಕ, ಟ್ರಾನ್ ಇನ್ನೊಂದು, ಬಿಎನ್‌ಬಿ ಚೈನ್ ಮತ್ತೊಂದು, ಮತ್ತು ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ. ಸರ್ವೆ ನಂಬರ್ 45 ಎಂಬ ಜಮೀನು ಹಲವು ಗ್ರಾಮಗಳಲ್ಲಿ ಇರುತ್ತದೆ, ಆದರೆ ಒಂದು ಗ್ರಾಮದ ಪಹಣಿಯಲ್ಲಿ ಆದ ಹೆಸರು ಬದಲಾವಣೆ ಪಕ್ಕದ ಗ್ರಾಮದ ಅದೇ ನಂಬರಿನ ಜಮೀನಿಗೆ ಸಂಬಂಧಪಡುವುದಿಲ್ಲವಲ್ಲ, ಹಾಗೆಯೇ ಇದೂ. ತಪ್ಪು ನೆಟ್‌ವರ್ಕಿಗೆ ಹೋದ ಟೋಕನ್ ಕಳೆದುಹೋಗಿರುವುದಿಲ್ಲ. ಅದು ಕಳುಹಿಸಿದ ಪುಸ್ತಕದಲ್ಲಿಯೇ, ಕಳುಹಿಸಿದವನು ಬರೆದ ವಿಳಾಸದ ಹೆಸರಿನಲ್ಲಿಯೇ, ಎಲ್ಲರ ಕಣ್ಣಿಗೆ ಕಾಣುವಂತೆ ದಾಖಲಾಗಿರುತ್ತದೆ. ಆ ಪುಸ್ತಕದಲ್ಲಿ ಆ ವಿಳಾಸದ ಪರವಾಗಿ ಸಹಿ ಹಾಕಬಲ್ಲವರು ಯಾರಾದರೂ ಇದ್ದಾರೆಯೇ, ಇದ್ದರೆ ಅವರಿಗೆ ಆ ಸಹಿ ಹಾಕುವ ಮನಸ್ಸಿದೆಯೇ ಎಂಬ ಎರಡು ಪ್ರಶ್ನೆಗಳ ಮೇಲೆ ಮರುಪಡೆಯುವಿಕೆ ನಿಂತಿದೆ.

ಈ ಗೊಂದಲ ಹುಟ್ಟುವುದು ಒಂದೇ ಹೆಸರಿನ ಟೋಕನ್ ಹಲವು ನೆಟ್‌ವರ್ಕುಗಳಲ್ಲಿ ಇರುವುದರಿಂದ. ಅಮೆರಿಕದ ಡಾಲರಿನ ಬೆಲೆಗೆ ಸಮನಾಗಿ ನಿಲ್ಲುವಂತೆ ರೂಪಿಸಲಾದ ಯುಎಸ್‌ಡಿಟಿ ಎಂಬ ಟೋಕನ್ ಇದಕ್ಕೆ ಸರಿಯಾದ ಉದಾಹರಣೆ: 2014ರಲ್ಲಿ ಬಿಟ್‌ಕಾಯಿನ್ ಜಾಲದ ಮೇಲೆ ಕಟ್ಟಿದ ಓಮ್ನಿ ಎಂಬ ಪದರದಲ್ಲಿ ಆರಂಭವಾದ ಅದು, ಮುಂದೆ ಇಥೀರಿಯಂನಲ್ಲಿ ಇಆರ್‌ಸಿ-20 ಮಾದರಿಯ ಟೋಕನ್ ಆಗಿಯೂ, 2019ರಿಂದ ಟ್ರಾನ್ ಜಾಲದಲ್ಲಿ ಟಿಆರ್‌ಸಿ-20 ಮಾದರಿಯ ಟೋಕನ್ ಆಗಿಯೂ ಹರಡಿತು, ಬಿಎನ್‌ಬಿ ಚೈನಿನಲ್ಲಿ ಬಿಇಪಿ-20 ಎಂಬ ಮಾದರಿಯಲ್ಲಿ ಅದೇ ಹೆಸರು ಕಾಣಿಸುತ್ತದೆ. ಎಕ್ಸ್‌ಚೇಂಜ್, ಎಂದರೆ ಕ್ರಿಪ್ಟೊ ಕೊಳ್ಳುವ ಮಾರುವ ವಿನಿಮಯ ಕೇಂದ್ರದಲ್ಲಿ ಹಣ ಹಿಂತೆಗೆಯಲು ಹೊರಟವನ ಮುಂದೆ ಈ ನೆಟ್‌ವರ್ಕುಗಳ ಪಟ್ಟಿ ಶುಲ್ಕದ ಸಮೇತ ತೆರೆದುಕೊಳ್ಳುತ್ತದೆ, ಇಥೀರಿಯಂನ ಶುಲ್ಕ ದುಬಾರಿಯೆಂದು ಕಂಡರೆ ಅಗ್ಗದ್ದನ್ನು ಒತ್ತುವುದು ಯಾರಿಗಾದರೂ ಸಹಜ. ಪಡೆಯುವ ಕಡೆಯವರು ಆ ಅಗ್ಗದ ಜಾಲವನ್ನು ನೋಡುತ್ತಿದ್ದಾರೆಯೇ ಎಂದು ಆ ಪಟ್ಟಿ ಹೇಳುವುದಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ.

ವಿಳಾಸದ ರೂಪವಾದರೂ ತಡೆಯಬೇಕಿತ್ತು ಎಂದು ತೋರಬಹುದು, ಮತ್ತು ಕೆಲವು ಕಡೆ ಅದು ತಡೆಯುತ್ತದೆ ಕೂಡ. ಇಥೀರಿಯಂನಲ್ಲಿ ವಿಳಾಸ ಹುಟ್ಟುವ ಕ್ರಮ ಹೀಗಿದೆ: ಮೊದಲು ಯಾದೃಚ್ಛಿಕವಾಗಿ ಆರಿಸಿದ ಒಂದು ಬಹುದೊಡ್ಡ ಸಂಖ್ಯೆ, ಸಹಿ ಹಾಕಲು ಬೇಕಾದ ಖಾಸಗಿ ಕೀಲಿಯಾಗುತ್ತದೆ, ಅದರಿಂದ ಗಣಿತದ ಒಂದು ವಕ್ರರೇಖೆಯ ನೆರವಿನಿಂದ ಸಾರ್ವಜನಿಕ ಕೀಲಿ ಹೊರಡುತ್ತದೆ, ಆ ಸಾರ್ವಜನಿಕ ಕೀಲಿಯನ್ನು ಹ್ಯಾಶ್ ಎಂಬ ಕ್ರಿಯೆಗೆ, ಅಂದರೆ ಎಷ್ಟೇ ಉದ್ದದ ಮಾಹಿತಿಯನ್ನು ನಿಗದಿತ ಉದ್ದಕ್ಕೆ ಇಳಿಸುವ ಮತ್ತು ಹಿಂದಕ್ಕೆ ತಿರುಗಿಸಲಾಗದ ಲೆಕ್ಕಾಚಾರಕ್ಕೆ ಒಡ್ಡಿ, ಬಂದ ಫಲದ ಕೊನೆಯ 20 ಬೈಟುಗಳನ್ನು ವಿಳಾಸವೆಂದು ಇಟ್ಟುಕೊಳ್ಳಲಾಗುತ್ತದೆ. ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಆರಂಭವಾಗಿ, ಅವುಗಳ ಮುಂದೆ 40 ಚಿಹ್ನೆಗಳಿರುವ ವಿಳಾಸ ಇದೇ. ಈ ಲೆಕ್ಕಾಚಾರದ ಯಾವ ಹಂತದಲ್ಲಿಯೂ ನೆಟ್‌ವರ್ಕಿನ ಹೆಸರು ಸೇರುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಇಥೀರಿಯಂನ ಗಣಕ ಯಂತ್ರದ ಮಾದರಿಯನ್ನೇ ಎರವಲು ಪಡೆದು ಕಟ್ಟಿದ ಬಿಎನ್‌ಬಿ ಚೈನ್, ಪಾಲಿಗಾನ್, ಆರ್ಬಿಟ್ರಂ, ಆಪ್ಟಿಮಿಸಂ ಮುಂತಾದ ಜಾಲಗಳು ವಿಳಾಸದ ಈ ಕ್ರಮವನ್ನೂ ಹಾಗೆಯೇ ಇಟ್ಟುಕೊಂಡವು. ಆದ್ದರಿಂದ ಒಂದು ಖಾಸಗಿ ಕೀಲಿ ಅವುಗಳಲ್ಲೆಲ್ಲ ಅಕ್ಷರಶಃ ಒಂದೇ ವಿಳಾಸವನ್ನು ಕೊಡುತ್ತದೆ, ಮತ್ತು ಒಂದು ಜಾಲಕ್ಕೆಂದು ಕೊಟ್ಟ ವಿಳಾಸವನ್ನು ಇನ್ನೊಂದು ಜಾಲ ತಕರಾರಿಲ್ಲದೆ ಸ್ವೀಕರಿಸುತ್ತದೆ. ಟ್ರಾನ್ ಜಾಲವೂ ಒಳಗೆ ಇದೇ 20 ಬೈಟುಗಳನ್ನು ಬಳಸುತ್ತದೆಯಾದರೂ, ಅವುಗಳ ಮುಂದೆ ತನ್ನದೊಂದು ಗುರುತನ್ನು ಸೇರಿಸಿ, ಬೇರೆ ಲಿಪಿಕ್ರಮದಲ್ಲಿ ಬರೆದು, ಟಿ ಅಕ್ಷರದಿಂದ ಆರಂಭವಾಗುವ 34 ಚಿಹ್ನೆಗಳ ವಿಳಾಸವನ್ನಾಗಿ ಮಾಡುತ್ತದೆ. ಸೊಲಾನಾ ಬೇರೊಂದು ವಕ್ರರೇಖೆಯನ್ನೇ ಬಳಸುತ್ತದೆ. ಹೀಗಾಗಿ ಇಥೀರಿಯಂ ವಿಳಾಸಕ್ಕೆ ಟ್ರಾನ್ ಮೂಲಕ ಕಳುಹಿಸಲು ಹೊರಟರೆ ಕೀಲಿಯನ್ನು ಇಟ್ಟುಕೊಂಡು ವಹಿವಾಟು ಮಾಡಿಸುವ ವಾಲೆಟ್ ತಂತ್ರಾಂಶವೇ ತಡೆಯುತ್ತದೆ. ಅನಾಹುತಗಳಲ್ಲಿ ಹೆಚ್ಚಿನವು ಒಂದೇ ಮುಖದ ವಿಳಾಸಗಳಿರುವ ಇಥೀರಿಯಂ ಕುಟುಂಬದೊಳಗೇ ನಡೆಯುವುದಕ್ಕೆ ಕಾರಣ ಇದು.

ಪಡೆಯುವ ವಿಳಾಸ ಬಳಕೆದಾರನ ಸ್ವಂತ ವಾಲೆಟ್ಟಿನದೇ ಆಗಿದ್ದು, ಕೀಲಿ ಅವನ ಬಳಿಯೇ ಇದ್ದರೆ ಕೆಲಸ ಸುಲಭ. ನಿಜಕ್ಕೂ ಅಲ್ಲಿ ಮರಳಿ ಪಡೆಯಬೇಕಾದದ್ದು ಏನೂ ಇರುವುದಿಲ್ಲ, ಕಾಣಿಸಿಕೊಳ್ಳಬೇಕಾದದ್ದು ಮಾತ್ರ ಇರುತ್ತದೆ. ವಾಲೆಟ್ ಎಂಬ ತಂತ್ರಾಂಶದೊಳಗೆ ಹಣವಿರುವುದಿಲ್ಲ, ಕೀಲಿಯಿರುತ್ತದೆ. ಅದು ಆ ಹೊತ್ತಿಗೆ ಯಾವ ಜಾಲದ ಪುಸ್ತಕವನ್ನು ತೆರೆದು ಓದುತ್ತಿದೆಯೋ ಆ ಪುಸ್ತಕದ ಬಾಕಿಯನ್ನಷ್ಟೇ ತೋರಿಸುತ್ತದೆ. ಇಥೀರಿಯಂಗೆ ಬರಬೇಕಿದ್ದ ಯುಎಸ್‌ಡಿಟಿ ಬಿಎನ್‌ಬಿ ಚೈನಿಗೆ ಬಂದಿದ್ದರೆ, ಮೆಟಾಮಾಸ್ಕ್‌ನಂಥ ವಾಲೆಟ್ಟಿನಲ್ಲಿ ಬಿಎನ್‌ಬಿ ಚೈನನ್ನು ಸೇರಿಸಿಕೊಂಡು ಅದನ್ನು ಆರಿಸಿದರೆ ಸಾಕು. ಪ್ರತಿ ಜಾಲಕ್ಕೂ ಚೈನ್ ಐಡಿ ಎಂಬ ಗುರುತಿನ ಸಂಖ್ಯೆಯಿದೆ, ಇಥೀರಿಯಂನದು 1, ಆಪ್ಟಿಮಿಸಂನದು 10, ಬಿಎನ್‌ಬಿ ಚೈನಿನದು 56, ಪಾಲಿಗಾನಿನದು 137. ಈ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಿಕೊಂಡರೆ ನಕಲಿ ಜಾಲವನ್ನು ಸೇರಿಸಿಕೊಳ್ಳುವ ಅಪಾಯ ಕಡಿಮೆಯಾಗುತ್ತದೆ. ಆಮೇಲೂ ಬಾಕಿ ಸೊನ್ನೆಯೆಂದೇ ಕಂಡರೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಟೋಕನ್ನುಗಳನ್ನು ನಡೆಸುವ ಪ್ರೋಗ್ರಾಂ, ಅಂದರೆ ಟೋಕನ್ ಕಾಂಟ್ರ್ಯಾಕ್ಟ್, ಯಾವ ವಿಳಾಸದಲ್ಲಿದೆ ಎಂದು ಕೆಲವು ಸಲ ವಾಲೆಟ್ಟಿಗೆ ಕೈಯಾರೆ ತಿಳಿಸಬೇಕಾಗುತ್ತದೆ; ಆ ವಿಳಾಸವನ್ನು ಟೋಕನ್ ಹೊರಡಿಸಿದ ಸಂಸ್ಥೆಯ ಅಧಿಕೃತ ಪ್ರಕಟಣೆಯಿಂದಲೋ, ಆ ಜಾಲದ ವಹಿವಾಟುಗಳನ್ನು ಯಾರು ಬೇಕಾದರೂ ನೋಡಲು ಅನುವಾಗುವ ಎಕ್ಸ್‌ಪ್ಲೋರರ್ ತಾಣದಿಂದಲೋ ಪಡೆಯಬೇಕೇ ಹೊರತು ಯಾರೋ ಚಾಟಿನಲ್ಲಿ ಕಳುಹಿಸಿದ ಸಾಲಿನಿಂದ ಅಲ್ಲ.

ಹಣ ಕಂಡ ಮೇಲೆ ಎದುರಾಗುವ ಅಡಚಣೆ ಗ್ಯಾಸ್. ಜಾಲದಲ್ಲಿ ಒಂದು ವಹಿವಾಟನ್ನು ಬರೆಸಲು ತೆರಬೇಕಾದ ಶುಲ್ಕಕ್ಕೆ ಈ ಹೆಸರು, ಮತ್ತು ಅದನ್ನು ಆ ಜಾಲದ ಮೂಲ ನಾಣ್ಯದಲ್ಲಿಯೇ ತೆರಬೇಕು: ಇಥೀರಿಯಂನಲ್ಲಿ ಈಥರ್, ಬಿಎನ್‌ಬಿ ಚೈನಿನಲ್ಲಿ ಬಿಎನ್‌ಬಿ, ಪಾಲಿಗಾನಿನಲ್ಲಿ ಹಿಂದೆ ಮ್ಯಾಟಿಕ್ ಎಂದು ಕರೆಯುತ್ತಿದ್ದ, 2024ರ ಸೆಪ್ಟೆಂಬರಿನಿಂದ ಪೋಲ್ ಎಂದಾದ ನಾಣ್ಯ. ಸಾವಿರ ಡಾಲರಿನಷ್ಟು ಯುಎಸ್‌ಡಿಟಿ ಎದುರಿಗಿದ್ದರೂ ಕೆಲವು ರೂಪಾಯಿಗಳ ಬಿಎನ್‌ಬಿ ಇಲ್ಲದೆ ಅದನ್ನು ಒಂದಿಂಚೂ ಕದಲಿಸಲಾಗದು. ಆ ಅಲ್ಪ ನಾಣ್ಯವನ್ನು ಯಾವುದಾದರೂ ಎಕ್ಸ್‌ಚೇಂಜಿನಿಂದ ಅದೇ ವಿಳಾಸಕ್ಕೆ ತರಿಸಿಕೊಂಡು, ನಂತರ ಟೋಕನ್ನನ್ನು ಆ ಜಾಲವನ್ನು ಒಪ್ಪುವ ಎಕ್ಸ್‌ಚೇಂಜಿಗೆ ಕಳುಹಿಸಬಹುದು, ಇಲ್ಲವೇ ಬ್ರಿಜ್ ಬಳಸಬಹುದು. ಬ್ರಿಜ್ ಎಂಬುದು ಹೆಸರು ಸೂಚಿಸುವಂತೆ ಟೋಕನ್ನನ್ನು ಆಚೆ ದಡಕ್ಕೆ ದಾಟಿಸುವುದಿಲ್ಲ; ಒಂದು ಜಾಲದಲ್ಲಿ ಅದನ್ನು ಬೀಗ ಹಾಕಿಟ್ಟು ಅಥವಾ ನಾಶಪಡಿಸಿ, ಇನ್ನೊಂದು ಜಾಲದಲ್ಲಿ ಅಷ್ಟೇ ಮೊತ್ತದ ಬೇರೆ ಟೋಕನ್ನನ್ನು ಬಿಡುಗಡೆ ಮಾಡುತ್ತದೆ. ದೊಡ್ಡ ಮೊತ್ತವಿದ್ದವರು ಎಕ್ಸ್‌ಚೇಂಜಿನ ದಾರಿಯನ್ನು ಹಿಡಿಯುವುದೇ ಲೇಸು, ಏಕೆಂದರೆ ಕ್ರಿಪ್ಟೊ ಲೋಕದ ಅತಿ ದೊಡ್ಡ ಕಳವುಗಳಲ್ಲಿ ಕೆಲವು ಬ್ರಿಜ್‌ಗಳಲ್ಲಿಯೇ ನಡೆದಿವೆ.

ಪಡೆಯುವ ವಿಳಾಸ ಎಕ್ಸ್‌ಚೇಂಜಿನದಾದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಎಕ್ಸ್‌ಚೇಂಜ್ ತನ್ನ ಗ್ರಾಹಕನಿಗೆ ಡಿಪಾಸಿಟ್ ವಿಳಾಸವೊಂದನ್ನು ಕೊಡುತ್ತದೆ, ಗ್ರಾಹಕ ಅದನ್ನು ತನ್ನದೆಂದು ತಿಳಿದುಕೊಳ್ಳುತ್ತಾನೆ, ಆದರೆ ಆ ವಿಳಾಸದ ಖಾಸಗಿ ಕೀಲಿ ಎಕ್ಸ್‌ಚೇಂಜಿನ ಕೈಯಲ್ಲಿರುತ್ತದೆ. ಎಕ್ಸ್‌ಚೇಂಜಿನ ತಂತ್ರಾಂಶ ಆ ವಿಳಾಸಕ್ಕೆ ತಾನು ಬೆಂಬಲಿಸುವ ಜಾಲಗಳಲ್ಲಿ ಬಂದ, ತಾನು ಬೆಂಬಲಿಸುವ ಟೋಕನ್ನುಗಳನ್ನು ಮಾತ್ರ ಗಮನಿಸಿ ಗ್ರಾಹಕನ ಖಾತೆಗೆ ಜಮಾ ಮಾಡುತ್ತದೆ. ಬೇರೆ ಜಾಲದಲ್ಲಿ ಬಂದದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸಿದ್ಧಾಂತದಲ್ಲಿ ಅದೇ ಕೀಲಿಯಿಂದ ಆ ಬೇರೆ ಜಾಲದಲ್ಲಿಯೂ ಸಹಿ ಹಾಕಬಹುದು. ಆದರೆ ಎಕ್ಸ್‌ಚೇಂಜಿನ ಕೀಲಿಗಳು ಯಾರ ಮೇಜಿನ ಮೇಲೂ ಇರುವುದಿಲ್ಲ: ಅವನ್ನು ಒಳಗಿನವರೂ ತೆಗೆಯಲಾಗದಂತೆ ವಿಶೇಷ ಯಂತ್ರಗಳಲ್ಲಿ ಮುಚ್ಚಿಟ್ಟಿರುತ್ತಾರೆ, ಅಥವಾ ಒಂದು ಕೀಲಿಯನ್ನು ಹಲವು ತುಣುಕುಗಳಾಗಿ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಇರಿಸಿ, ತುಣುಕುಗಳು ಎಂದೂ ಒಂದೆಡೆ ಸೇರದೆಯೇ ಸಹಿ ಹುಟ್ಟುವಂತೆ ಮಾಡಿರುತ್ತಾರೆ. ನೂರು ಡಾಲರಿನ ಒಂದು ತಪ್ಪನ್ನು ಸರಿಪಡಿಸಲು, ಲಕ್ಷಾಂತರ ಜನರ ಹಣವನ್ನು ಕಾಯುವ ಈ ಏರ್ಪಾಡಿನ ಮೇಲೆ ಕೈಯಿಡಬೇಕೇ ಎಂಬ ಅವರ ಹಿಂಜರಿಕೆ ಪೂರ್ತಿ ನೆಪವಲ್ಲ. ಕೆಲವು ಎಕ್ಸ್‌ಚೇಂಜುಗಳ ಡಿಪಾಸಿಟ್ ವಿಳಾಸಗಳು ಕೀಲಿಯ ವಿಳಾಸಗಳೇ ಆಗಿರದೆ, ಬಂದ ಹಣವನ್ನು ಮುಖ್ಯ ಖಜಾನೆಗೆ ದೂಡುವ ಸಣ್ಣ ಕಾಂಟ್ರ್ಯಾಕ್ಟುಗಳಾಗಿರುತ್ತವೆ ಎಂಬ ತೊಡಕೂ ಇದೆ.

ಹಾಗೆಂದು ಅದು ಅಸಾಧ್ಯವೂ ಅಲ್ಲ. ಅಮೆರಿಕದ ಕಾಯಿನ್‌ಬೇಸ್ ಸಂಸ್ಥೆ 2022ರ ಡಿಸೆಂಬರಿನಲ್ಲಿ, ತಾನು ಬೆಂಬಲಿಸದ ಸುಮಾರು 4,000 ಬಗೆಯ ಇಆರ್‌ಸಿ-20 ಟೋಕನ್ನುಗಳನ್ನು ತನ್ನ ವಿಳಾಸಗಳಿಗೆ ಕಳುಹಿಸಿಬಿಟ್ಟ ಗ್ರಾಹಕರು ತಾವೇ ಹಿಂಪಡೆಯಬಹುದಾದ ಸೌಲಭ್ಯವನ್ನು ತೆರೆಯಿತು. ಗ್ರಾಹಕ ವಹಿವಾಟಿನ ಗುರುತು ಮತ್ತು ಕಳೆದ ಟೋಕನ್ನಿನ ಕಾಂಟ್ರ್ಯಾಕ್ಟ್ ವಿಳಾಸವನ್ನು ಕೊಟ್ಟರೆ, ಸಂಸ್ಥೆ ಕೀಲಿಯನ್ನು ಬಯಲು ಮಾಡದೆಯೇ ಟೋಕನ್ನನ್ನು ಹೊರಗೆ ಸಾಗಿಸುತ್ತದೆ, ನೂರು ಡಾಲರಿಗೆ ಮೀರಿದ ಮೊತ್ತಕ್ಕೆ ಶೇ 5ರಷ್ಟು ಶುಲ್ಕ ಪಡೆಯುತ್ತದೆ. ಅದು ಜಾಲದ ತಪ್ಪಿಗಿಂತ ಟೋಕನ್ನಿನ ತಪ್ಪನ್ನು ಸರಿಪಡಿಸುವ ಸೌಲಭ್ಯವಾದರೂ, ಎಂಜಿನಿಯರುಗಳನ್ನು ಕೂರಿಸಿ ಒಮ್ಮೆ ದಾರಿ ಕಟ್ಟಿದರೆ ಸಾವಿರಾರು ಜನರ ಅಹವಾಲನ್ನು ಕೈಯಾರೆ ಪರಿಶೀಲಿಸುವ ಅಗತ್ಯ ಉಳಿಯುವುದಿಲ್ಲ ಎಂಬುದನ್ನು ತೋರಿಸಿಕೊಟ್ಟಿತು. ಎಕ್ಸ್‌ಚೇಂಜುಗಳು ಆಗದು ಎನ್ನುವಾಗ ಎಷ್ಟೋ ಸಲ ಅದರ ಅರ್ಥ ಲಾಭವಿಲ್ಲ ಎಂದು. ತಂತ್ರಜ್ಞಾನದ ಅಡ್ಡಿಯನ್ನೂ ವ್ಯವಹಾರದ ಲೆಕ್ಕಾಚಾರವನ್ನೂ ಒಂದೇ ಉತ್ತರದಲ್ಲಿ ಬೆರೆಸಿ ಹೇಳುವುದು ಗ್ರಾಹಕನಿಗೆ ಮಾಡುವ ಅನ್ಯಾಯ.

ವಿಳಾಸದ ಹಿಂದೆ ಕೀಲಿಯೇ ಇಲ್ಲದ ಸಂದರ್ಭಗಳೂ ಇವೆ, ಮತ್ತು ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಪ್ರಕರಣ ನಡೆದದ್ದು ಅಲ್ಲಿಯೇ. 2022ರಲ್ಲಿ, ಇಥೀರಿಯಂನ ಮೇಲೆ ಕಟ್ಟಿದ ಆಪ್ಟಿಮಿಸಂ ಜಾಲವು ತನ್ನ ಓಪಿ ಎಂಬ ಟೋಕನ್ನನ್ನು ಮಾರುಕಟ್ಟೆಗೆ ತರುವ ಸಮಯದಲ್ಲಿ, ಅದರ ಪ್ರತಿಷ್ಠಾನವು ಕೊಳ್ಳುವಿಕೆ ಮಾರಾಟಗಳು ಸರಾಗವಾಗಿ ನಡೆಯುವಂತೆ ನೋಡಿಕೊಳ್ಳಲು ವಿಂಟರ್‌ಮ್ಯೂಟ್ ಎಂಬ ವೃತ್ತಿಪರ ವ್ಯಾಪಾರ ಸಂಸ್ಥೆಗೆ 2 ಕೋಟಿ ಟೋಕನ್ನುಗಳನ್ನು ಕೊಡಲು ಒಪ್ಪಿತು. ವಿಂಟರ್‌ಮ್ಯೂಟ್ ಕೊಟ್ಟ ವಿಳಾಸ, ಇಥೀರಿಯಂನಲ್ಲಿ ಅದಕ್ಕಿದ್ದ ಗ್ನೋಸಿಸ್ ಸೇಫ್ ವಾಲೆಟ್ಟಿನದು; ಸೇಫ್ ಎಂಬುದು ಹಲವರ ಸಹಿಗಳು ಕೂಡಿದಾಗ ಮಾತ್ರ ತೆರೆದುಕೊಳ್ಳುವ ವಾಲೆಟ್, ಮತ್ತು ಅದು ಕೀಲಿಯಿಂದ ಹುಟ್ಟಿದ್ದಲ್ಲ, ಬ್ಲಾಕ್‌ಚೈನಿನಲ್ಲಿ ಸ್ಥಾಪಿಸಿದ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ತನ್ನ ನಿಯಮಗಳ ಪ್ರಕಾರ ತಾನೇ ನಡೆಯುವ ಪ್ರೋಗ್ರಾಂ. ಆಪ್ಟಿಮಿಸಂನವರು ಎಚ್ಚರಿಕೆಯಿಂದಲೇ ನಡೆದುಕೊಂಡರು. ಎರಡು ಬಾರಿ ಪರೀಕ್ಷೆಗೆಂದು ಟೋಕನ್ ಕಳುಹಿಸಿದರು, ವಿಂಟರ್‌ಮ್ಯೂಟ್ ಎರಡೂ ಬಂದವೆಂದು ದೃಢಪಡಿಸಿತು, ನಂತರ ಉಳಿದದ್ದನ್ನು ಕಳುಹಿಸಿದರು. ಆಮೇಲೆ ಹೊರಬಿದ್ದ ಸಂಗತಿಯೆಂದರೆ, ಆ ಸೇಫ್ ಇಥೀರಿಯಂನಲ್ಲಿತ್ತೇ ಹೊರತು ಆಪ್ಟಿಮಿಸಂ ಜಾಲದಲ್ಲಿ ಅದನ್ನು ಯಾರೂ ಸ್ಥಾಪಿಸಿರಲೇ ಇಲ್ಲ. 2 ಕೋಟಿ ಟೋಕನ್ನುಗಳು ಖಾಲಿ ನಿವೇಶನದ ಹೆಸರಿಗೆ ದಾಖಲಾಗಿದ್ದವು.

ಆದರೂ ಹಣ ಮುಳುಗಿರಲಿಲ್ಲ, ಏಕೆಂದರೆ ಕಾಂಟ್ರ್ಯಾಕ್ಟಿನ ವಿಳಾಸವೂ ಒಂದು ಲೆಕ್ಕಾಚಾರದಿಂದಲೇ ಬರುತ್ತದೆ. ಆ ಸೇಫ್ ಹುಟ್ಟಿದ ಹಳೆಯ ಕ್ರಮದಲ್ಲಿ ಹೊಸ ಕಾಂಟ್ರ್ಯಾಕ್ಟಿನ ವಿಳಾಸವನ್ನು ನಿರ್ಧರಿಸುತ್ತಿದ್ದದ್ದು ಎರಡೇ ಅಂಶಗಳು: ಅದನ್ನು ಸ್ಥಾಪಿಸಿದವನ ವಿಳಾಸ ಯಾವುದು, ಮತ್ತು ಅದು ಅವನ ಎಷ್ಟನೆಯ ಕ್ರಮಸಂಖ್ಯೆಯ ಕೆಲಸ. ಒಳಗೆ ಏನಿದೆ, ಯಾರ ಸಹಿಗೆ ತೆರೆಯುತ್ತದೆ ಎಂಬುದಕ್ಕೂ ವಿಳಾಸಕ್ಕೂ ಸಂಬಂಧವಿರಲಿಲ್ಲ. ಸೇಫ್‌ಗಳನ್ನು ತಯಾರಿಸುವ ಮೂಲ ಕಾಂಟ್ರ್ಯಾಕ್ಟನ್ನು ಇಥೀರಿಯಂನಲ್ಲಿ ಸ್ಥಾಪಿಸಿದ್ದ ವಹಿವಾಟಿನ ಸಹಿಯಲ್ಲಿ ಚೈನ್ ಐಡಿ ಸೇರಿರಲಿಲ್ಲ. 2016ರಲ್ಲಿ ಇಥೀರಿಯಂ ಒಡೆದು ಇಥೀರಿಯಂ ಕ್ಲಾಸಿಕ್ ಬೇರೆಯಾದಾಗ ಒಂದು ಜಾಲದ ಸಹಿಯನ್ನು ಇನ್ನೊಂದರಲ್ಲಿ ಮರುಬಳಸುವ ಪೀಡೆ ಕಾಣಿಸಿಕೊಂಡಿದ್ದರಿಂದ, ಸಹಿಯಲ್ಲಿ ಚೈನ್ ಐಡಿ ಸೇರಿಸುವ ಸುಧಾರಣೆ ಅದೇ ವರ್ಷದ ನವೆಂಬರಿನಲ್ಲಿ ಬಂದಿತ್ತಾದರೂ, ಹಳೆಯ ಬಗೆಯ ಸಹಿಗಳನ್ನು ಜಾಲಗಳು ಒಪ್ಪುತ್ತಲೇ ಇದ್ದವು. ಎಂದರೆ, ಆ ಹಳೆಯ ವಹಿವಾಟನ್ನು ಆಪ್ಟಿಮಿಸಂನಲ್ಲಿ ಯಾರು ಬೇಕಾದರೂ ಮತ್ತೊಮ್ಮೆ ಓಡಿಸಿ, ಸೇಫ್ ತಯಾರಿಸುವ ಕಾಂಟ್ರ್ಯಾಕ್ಟನ್ನು ಅದೇ ವಿಳಾಸದಲ್ಲಿ ಎಬ್ಬಿಸಿ, ಅದರಿಂದ ಒಂದರ ಹಿಂದೊಂದು ವಾಲೆಟ್ಟುಗಳನ್ನು ಹೊರಡಿಸುತ್ತ ಹೋದರೆ, ಒಂದಲ್ಲ ಒಂದು ಕ್ರಮಸಂಖ್ಯೆಯಲ್ಲಿ 2 ಕೋಟಿ ಟೋಕನ್ನುಗಳಿರುವ ವಿಳಾಸ ಬಂದೇ ಬರುತ್ತಿತ್ತು. ವಿಂಟರ್‌ಮ್ಯೂಟ್ ಸೇಫ್ ತಂಡದ ನೆರವಿನೊಂದಿಗೆ ಇದನ್ನೇ ಮಾಡಲು ಸಿದ್ಧತೆ ನಡೆಸಿತ್ತು; ಆದರೆ 2022ರ ಜೂನ್ 5ರಂದು ಅಪರಿಚಿತನೊಬ್ಬ ಅವರಿಗಿಂತ ಮೊದಲೇ ಈ ಲೆಕ್ಕವನ್ನು ಬಿಡಿಸಿ, ಸಾವಿರಾರು ವಾಲೆಟ್ಟುಗಳನ್ನು ಹುಟ್ಟಿಸುತ್ತ ಬಂದು, ಆ ವಿಳಾಸವನ್ನು ಮುಟ್ಟಿ, ಅದರ ಒಡೆತನಕ್ಕೆ ತನ್ನ ಹೆಸರನ್ನು ಬರೆದುಕೊಂಡ. 10 ಲಕ್ಷ ಟೋಕನ್ನುಗಳನ್ನು ಮಾರಿದ, ಇನ್ನೊಂದು 10 ಲಕ್ಷವನ್ನು ಇಥೀರಿಯಂನ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಅವರ ವಿಳಾಸಕ್ಕೆ ಕಳುಹಿಸಿದ, ಮತ್ತು ಕೆಲವೇ ದಿನಗಳಲ್ಲಿ 1 ಕೋಟಿ 70 ಲಕ್ಷವನ್ನು ಹಿಂದಿರುಗಿಸಿಯೂಬಿಟ್ಟ. ಹಿಂದಿರುಗಿಸುವಂತೆ ಅವನನ್ನು ಕಟ್ಟಿಹಾಕುವ ಯಾವ ನಿಯಮವೂ ಆ ಲೆಕ್ಕಪುಸ್ತಕದಲ್ಲಿ ಇರಲಿಲ್ಲ.

ಮೊದಲು ಸಣ್ಣ ಮೊತ್ತ ಕಳುಹಿಸಿ ನೋಡಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಈ ಪ್ರಕರಣ ಆ ಸಲಹೆಯ ಅರೆಕೊರೆಯನ್ನು ತೋರಿಸುತ್ತದೆ. ಎರಡೂ ಪರೀಕ್ಷೆಗಳು ಯಶಸ್ವಿಯಾಗಿದ್ದವು, ಏಕೆಂದರೆ ಯಾವ ವಿಳಾಸಕ್ಕೆ ಬೇಕಾದರೂ ಟೋಕನ್ ತಲುಪುತ್ತದೆ, ಅಲ್ಲಿ ವಾಸವಿರುವವರು ಇದ್ದಾರೋ ಇಲ್ಲವೋ ಬ್ಲಾಕ್‌ಚೈನ್ ಕೇಳುವುದಿಲ್ಲ. ಪರೀಕ್ಷೆ ಎಂಬುದಕ್ಕೆ ಅರ್ಥ ಬರುವುದು, ಹೋದ ಸಣ್ಣ ಮೊತ್ತವನ್ನು ಆ ವಿಳಾಸದಿಂದ ಮತ್ತೆ ಹೊರಗೆ ಕಳುಹಿಸಿ ತೋರಿಸಿದಾಗ. ಎಕ್ಸ್‌ಚೇಂಜಿನ ವಿಳಾಸವಾದರೆ, ಅದು ಖಾತೆಯ ಬಾಕಿಯಲ್ಲಿ ಜಮೆಯಾಗಿ ಕಂಡಾಗ.

ಬಿಟ್‌ಕಾಯಿನ್ ಕಡೆಯೂ ಇಂಥದೇ ಕಥೆಯೊಂದು ಇದೆ. 2017ರ ಆಗಸ್ಟ್ 1ರಂದು ಬಿಟ್‌ಕಾಯಿನ್ ಕ್ಯಾಶ್ ಎಂಬ ಜಾಲ ಬಿಟ್‌ಕಾಯಿನಿನಿಂದ ಒಡೆದು ಬೇರೆಯಾದಾಗ ಎರಡರ ವಿಳಾಸಗಳೂ ಒಂದೇ ರೂಪದಲ್ಲಿದ್ದವು; ಅದೇ ತಿಂಗಳಿನಲ್ಲಿ ಬಿಟ್‌ಕಾಯಿನ್ ಜಾಲ ಸೆಗ್‌ವಿಟ್ ಎಂಬ ಹೊಸ ಬಗೆಯ ಸಹಿ ಪದ್ಧತಿಯನ್ನು ಜಾರಿಗೆ ತಂದಿತು, ಬಿಟ್‌ಕಾಯಿನ್ ಕ್ಯಾಶ್ ಅದನ್ನು ತಿರಸ್ಕರಿಸಿತ್ತು. ಪರಿಣಾಮವಾಗಿ, 3ರಿಂದ ಆರಂಭವಾಗುವ ಸೆಗ್‌ವಿಟ್ ವಿಳಾಸಕ್ಕೆ ಯಾರಾದರೂ ಬಿಟ್‌ಕಾಯಿನ್ ಕ್ಯಾಶ್ ಕಳುಹಿಸಿದರೆ, ಆ ಜಾಲಕ್ಕೆ ಸೆಗ್‌ವಿಟ್‌ನ ಸಹಿಯ ನಿಯಮ ಗೊತ್ತಿಲ್ಲದ್ದರಿಂದ, ವಿಳಾಸದ ಹಿಂದಿನ ಒಂದು ಚಿಕ್ಕ ಮಾಹಿತಿಯನ್ನು ಬಲ್ಲವರು ಸಹಿಯೇ ಇಲ್ಲದೆ ಆ ಹಣವನ್ನು ಎತ್ತಬಹುದಿತ್ತು. ಮತ್ತು ಒಡೆಯ ತನ್ನ ಬಿಟ್‌ಕಾಯಿನನ್ನು ಅದೇ ವಿಳಾಸದಿಂದ ಖರ್ಚು ಮಾಡಿದ ಕ್ಷಣವೇ ಆ ಮಾಹಿತಿ ಬಯಲಾಗುತ್ತಿತ್ತು. ಇಂಥ ವಹಿವಾಟನ್ನು ಸಾಮಾನ್ಯ ಕಂಪ್ಯೂಟರುಗಳು ಹರಡದೆ ಇದ್ದದ್ದರಿಂದ ಅದನ್ನು ಬ್ಲಾಕಿಗೆ ಸೇರಿಸಬಲ್ಲವರು ಮೈನರುಗಳು, ಅಂದರೆ ಬ್ಲಾಕುಗಳನ್ನು ಹೆಣೆಯುವವರು ಮಾತ್ರ. ಕೆಲವರು ಎತ್ತಿಕೊಂಡರು ಕೂಡ. 2018ರ ನವೆಂಬರಿನ ಒಂದು ನಿಯಮ ಬದಲಾವಣೆಯಿಂದ ಆ ಹಣವೆಲ್ಲ ಯಾರಿಗೂ ಸಿಗದಂತೆ ಹೆಪ್ಪುಗಟ್ಟಿತು, 2019ರ ಮೇ 15ರಂದು ಬಿಟ್‌ಕಾಯಿನ್ ಕ್ಯಾಶ್ ತನ್ನ ನಿಯಮವನ್ನು ತಿದ್ದಿ ಮರುಪಡೆಯುವ ಬಾಗಿಲನ್ನು ಮತ್ತೆ ತೆರೆಯಿತು. ತೆರೆದ ದಿನವೇ ಅಪರಿಚಿತ ಮೈನರನೊಬ್ಬ ಆ ಹಣವನ್ನು ಬಾಚಿಕೊಳ್ಳಲು ಹೊರಟಾಗ, ಎರಡು ದೊಡ್ಡ ಮೈನಿಂಗ್ ಗುಂಪುಗಳು ಅವನ ಬ್ಲಾಕುಗಳನ್ನು ತಳ್ಳಿಹಾಕಿ ಬೇರೆ ಬ್ಲಾಕುಗಳನ್ನು ಹೆಣೆದವು. ಬರೆದದ್ದನ್ನು ಅಳಿಸಲಾಗದು ಎಂದು ಹೆಮ್ಮೆಪಡುವ ವ್ಯವಸ್ಥೆಯಲ್ಲಿ ಎರಡು ಬ್ಲಾಕುಗಳನ್ನು ಅಳಿಸಿ ಬರೆದದ್ದು ಸರಿಯೇ ಎಂಬ ವಾದ ಆಗಲೇ ಎದ್ದಿತ್ತು, ಅದು ನ್ಯಾಯವಾದ ವಾದವೇ. ಮನುಷ್ಯರು ಒಟ್ಟುಗೂಡಿ ತೀರ್ಮಾನಿಸಿದರೆ ಅಳಿಸಲಾಗದ್ದೂ ಅಳಿಯುತ್ತದೆ ಎಂಬುದಂತೂ ಅಂದು ಸ್ಪಷ್ಟವಾಯಿತು. ಅಷ್ಟರಲ್ಲಿ ಆ ಜಾಲ 2018ರ ಜನವರಿಯಲ್ಲಿಯೇ ತನ್ನ ವಿಳಾಸಗಳಿಗೆ ಬೇರೆ ರೂಪ ಕೊಟ್ಟಿತ್ತು. ಇಥೀರಿಯಂ ಕುಟುಂಬದವರು ವರ್ಷಗಳು ಕಳೆದರೂ ಆ ಸರಳ ಕೆಲಸವನ್ನು ಮಾಡಿಲ್ಲ.

ಇನ್ನು ಕೆಲವು ತಪ್ಪುಗಳಿಗೆ ಔಷಧವಿಲ್ಲ. ಟೋಕನ್ನನ್ನು ಅದೇ ಟೋಕನ್ನಿನ ಕಾಂಟ್ರ್ಯಾಕ್ಟ್ ವಿಳಾಸಕ್ಕೆ ಕಳುಹಿಸಿದರೆ, ಹೊರಗೆ ತೆಗೆಯುವ ಸೂಚನೆ ಆ ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿಲ್ಲದಿದ್ದಲ್ಲಿ, ಅದು ಅಲ್ಲಿಯೇ ಉಳಿಯುತ್ತದೆ. ಈ ದೋಷವನ್ನು ತಡೆಯಲು 2017ರಲ್ಲಿ ಇಆರ್‌ಸಿ-223 ಎಂಬ ಬದಲಿ ಮಾದರಿಯ ಪ್ರಸ್ತಾಪ ಬಂದರೂ ಬಳಕೆಗೆ ಬಂದದ್ದು ಕಡಿಮೆ. ಎಕ್ಸ್‌ಆರ್‌ಪಿ, ಸ್ಟೆಲ್ಲಾರ್ ಜಾಲಗಳಲ್ಲಿ ವಿಳಾಸದ ಜೊತೆಗೆ ಕೊಡಬೇಕಾದ ಟ್ಯಾಗ್ ಅಥವಾ ಮೆಮೊ ಸಂಖ್ಯೆಯನ್ನು ಮರೆತವರ ಸ್ಥಿತಿ ಮಾತ್ರ ಅಷ್ಟು ಕೆಟ್ಟದ್ದಲ್ಲ, ಹಣ ಎಕ್ಸ್‌ಚೇಂಜಿನ ಸರಿಯಾದ ಖಜಾನೆಗೇ ಬಂದಿರುವುದರಿಂದ ಗ್ರಾಹಕ ಸಹಾಯ ವಿಭಾಗ ಅದನ್ನು ಹುಡುಕಿ ಜಮಾ ಮಾಡಬಲ್ಲದು.

ಹಣ ಕಣ್ಣಿಗೆ ಕಂಡೂ ಕೈಗೆ ಸಿಗದ ಈ ಸ್ಥಿತಿಯೇ ವಂಚಕರಿಗೆ ಸುಗ್ಗಿ. ಮರಳಿ ಕೊಡಿಸುವ ತಜ್ಞರೆಂದು ಟೆಲಿಗ್ರಾಂ, ವಾಟ್ಸ್ಆ್ಯಪ್‌ಗಳಲ್ಲಿ ತಾವಾಗಿಯೇ ಮಾತಿಗೆಳೆಯುವವರು ಕೇಳುವುದು ಒಂದೋ ಮುಂಗಡ ಶುಲ್ಕ, ಇಲ್ಲವೇ ಸೀಡ್ ಫ್ರೇಸ್. ಸೀಡ್ ಫ್ರೇಸ್ ಎಂದರೆ 2,048 ಪದಗಳ ಒಂದು ಪಟ್ಟಿಯಿಂದ ಆರಿಸಿದ 12 ಅಥವಾ 24 ಪದಗಳ ಸಾಲು, ಮತ್ತು ಒಂದು ವಾಲೆಟ್ಟಿನ ಎಲ್ಲ ಜಾಲಗಳ ಎಲ್ಲ ಖಾಸಗಿ ಕೀಲಿಗಳೂ ಅದರಿಂದಲೇ ಹುಟ್ಟುತ್ತವೆ. ಅದನ್ನು ಒಪ್ಪಿಸಿದವನು ತಪ್ಪು ಜಾಲದಲ್ಲಿರುವ ಹಣವನ್ನಷ್ಟೇ ಅಲ್ಲ, ಸರಿಯಾದ ಜಾಲಗಳಲ್ಲಿ ಉಳಿದದ್ದನ್ನೂ ಕೈಬಿಟ್ಟಂತೆ. ಈವರೆಗೆ ವಿವರಿಸಿದ ಯಾವ ಸಂದರ್ಭದಲ್ಲಿಯೂ ಇಂಥ ಮೂರನೆಯವನೊಬ್ಬನಿಗೆ ಮಾಡಲು ಕೆಲಸವಿರಲಿಲ್ಲ ಎಂಬುದನ್ನು ನೆನೆದರೆ ಸಾಕು: ಕೀಲಿ ಸ್ವಂತದ್ದಾದರೆ ಒಡೆಯನೇ ತೆಗೆಯಬಲ್ಲ, ಎಕ್ಸ್‌ಚೇಂಜಿನದಾದರೆ ಎಕ್ಸ್‌ಚೇಂಜ್ ಮಾತ್ರ ತೆಗೆಯಬಲ್ಲದು, ಇದನ್ನು ಮೀರಿ ಹೊರಗಿನವನೊಬ್ಬ ತೆಗೆಯಬಲ್ಲನೆಂದರೆ ಅವನು ಆಪ್ಟಿಮಿಸಂನ ಆ ಅಪರಿಚಿತನಂತೆ ಕೇಳದೆಯೇ ತೆಗೆದುಕೊಂಡು ಹೋಗುತ್ತಾನೆ.

ಭಾರತದಲ್ಲಿ ಕಾನೂನಿನ ಆಸರೆ ತೆಳುವಾಗಿದೆ. ಬ್ಯಾಂಕಿನಲ್ಲಿ ತಪ್ಪು ಖಾತೆಗೆ ಹಣ ಹೋದರೆ ದೂರುವುದಕ್ಕೆ ಶಾಖೆಯಿದೆ, ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಆ ಒಂಬುಡ್ಸ್‌ಮನ್ ವ್ಯಾಪ್ತಿಗೆ ಕ್ರಿಪ್ಟೊ ಎಕ್ಸ್‌ಚೇಂಜುಗಳು ಬರುವುದಿಲ್ಲ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಎಕ್ಸ್‌ಚೇಂಜುಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತಂದು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳುವಂತೆ ಮಾಡಿತು, ಆದರೆ ಅದರ ಉದ್ದೇಶ ಕಪ್ಪುಹಣದ ಜಾಡು ಹಿಡಿಯುವುದೇ ಹೊರತು ಗ್ರಾಹಕನ ತಪ್ಪು ಡಿಪಾಸಿಟ್ಟನ್ನು ಮರಳಿಸುವುದಲ್ಲ. ತೆರಿಗೆಯ ವಿಷಯದಲ್ಲಿ ಮಾತ್ರ ಸರ್ಕಾರದ ಕಣ್ಣು ಚುರುಕಾಗಿದ್ದು, 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30ರ ತೆರಿಗೆ ಬಂದಿದೆ, ಒಂದು ವಹಿವಾಟಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆದುಕೊಳ್ಳುವ ಅವಕಾಶವೂ ಇಲ್ಲ. ಲಾಭದ ಶೇ 30ರಷ್ಟನ್ನು ಪಡೆಯುವ ಸರ್ಕಾರ, ಡಿಪಾಸಿಟ್ ವಿಳಾಸ ಕೊಡುವ ಎಕ್ಸ್‌ಚೇಂಜುಗಳು ತಾವು ಯಾವ ಜಾಲಗಳನ್ನು ನೋಡುತ್ತೇವೆ, ತಪ್ಪು ಜಾಲದಲ್ಲಿ ಬಂದದ್ದನ್ನು ಯಾವ ಶುಲ್ಕಕ್ಕೆ, ಎಷ್ಟು ದಿನಗಳಲ್ಲಿ ಹಿಂದಿರುಗಿಸುತ್ತೇವೆ ಅಥವಾ ಹಿಂದಿರುಗಿಸುವುದಿಲ್ಲ ಎಂಬುದನ್ನು ಆ ವಿಳಾಸದ ಪಕ್ಕದಲ್ಲಿಯೇ ಬರೆಯಬೇಕೆಂದು ನಿಯಮ ಮಾಡುವುದು ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ತಪ್ಪು ಮಾಡಿದವರು ಮಾಡಬೇಕಾದದ್ದು ಇಷ್ಟು: ವಹಿವಾಟಿನ ಗುರುತು, ಕಳುಹಿಸಿದ ಜಾಲದ ಹೆಸರು, ಎರಡೂ ವಿಳಾಸಗಳು, ಟೋಕನ್ನಿನ ಕಾಂಟ್ರ್ಯಾಕ್ಟ್ ವಿಳಾಸ, ಮೊತ್ತ ಮತ್ತು ಸಮಯವನ್ನು ಬರೆದಿಟ್ಟುಕೊಂಡು, ಪಡೆದ ಕಡೆಯ ಎಕ್ಸ್‌ಚೇಂಜಿನ ಅಧಿಕೃತ ಆ್ಯಪ್‌ನೊಳಗಿನಿಂದಲೇ ದೂರು ಸಲ್ಲಿಸಬೇಕು, ಏಕೆಂದರೆ ಕಳುಹಿಸಿದ ಕಡೆಯ ಎಕ್ಸ್‌ಚೇಂಜಿನ ಕೈಯಲ್ಲಿ ಈಗ ಏನೂ ಉಳಿದಿರುವುದಿಲ್ಲ. ಈ ನಡುವೆ ಯಾರಾದರೂ ನೆರವಿನ ನೆಪದಲ್ಲಿ ಹಣ ಕಿತ್ತುಕೊಂಡಿದ್ದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.